ದೊಡ್ಡದು ಮಾಡು ಎಂದರೆ

ನಮ್ಮ ಮನೆಗೆ ಕಾರು ಬಂದದ್ದು ಎರಡು ಎತ್ತುಗಳ ಹಿಂದೆ. ಶಿರಹಟ್ಟಿಯಿಂದ ಬೆಟಗೇರಿಯವರೆಗೆ ಎತ್ತುಗಳು ಎಳೆದವು, ನನ್ನ ಗಂಡ ಒಳಗೆ ಕೂತು ಸ್ಟೇರಿಂಗ್ ತಿರುಗಿಸುತ್ತಾ ಬಂದರು. ಸೊರಟೂರು ದಾಟುವಾಗ ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಿಂತು ನಕ್ಕರಂತೆ. ಇವರಿಗೆ ಅದರ ಪರಿವೆಯೇ ಇಲ್ಲ. ಅಂಗಳದಲ್ಲಿ ಇಳಿದಾಗ ಇವರ ಮುಖ ನೋಡಬೇಕಿತ್ತು, ದಿಲ್ಲಿಯನ್ನೇ ಗೆದ್ದು ತಂದವರ ಹಾಗಿತ್ತು.

ಸಂಸ್ಥಾನಗಳು ಹೋದ ಮೇಲೆ ಅಲ್ಲಿನ ಅಧಿಕಾರಿಯೊಬ್ಬರ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ಅಡಿ ಬಿದ್ದಿದ್ದ ಗಾಡಿ ಅದು. ಗಾಜು ಇರಲಿಲ್ಲ, ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಇವರದು ಅರಳೆ ವ್ಯಾಪಾರ, ಕಳಸಾಪುರದಲ್ಲಿ ಹೊಲ. ಯಂತ್ರಕ್ಕೂ ಇವರಿಗೂ ಸಂಬಂಧವೆಂದರೆ ಹತ್ತಿ ಗಿರಣಿಯ ಫಿಟರ್‌ಗಳ ಹಿಂದೆ ನಿಂತು ತಲೆ ತಿಂದದ್ದು, ಅಷ್ಟೇ. ಆದರೂ ನಾನೇ ರಿಪೇರಿ ಮಾಡುತ್ತೇನೆ ಅಂದರು. ಅದು ಕರ್ನಾಟಕ ಒಂದಾಗಲಿದ್ದ ವರ್ಷ. ಅಂಗಡಿಯಲ್ಲಿ ದಿನ ಬೆಳಗಾದರೆ ಅದೇ ಮಾತು: ಮುಂಬೈ ಕಡೆಯವರು, ನಿಜಾಮನ ಕಡೆಯವರು, ಮೈಸೂರಿನವರು ಎಲ್ಲರೂ ಇನ್ನು ಒಂದೇ ಮನೆಯವರು. ಆ ದಿನದ ಮೆರವಣಿಗೆಯಲ್ಲಿ ಈ ಕಾರು ತನ್ನ ಕಾಲ ಮೇಲೆ ತಾನು ಓಡಬೇಕು, ಮುಂದಿನ ಸೀಟಿನಲ್ಲಿ ತಾಯಿಯನ್ನು ಕೂರಿಸಬೇಕು ಎಂಬುದು ಇವರ ಹಟ.

ನನಗೆ ಮೊದಲ ದಿನದಿಂದಲೂ ಅದನ್ನು ಕಂಡರೆ ಹೆದರಿಕೆ. ನಾನು ಲಕ್ಷ್ಮೇಶ್ವರದಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು, ಹತ್ತೊಂಬತ್ತು ತುಂಬಿರಲಿಲ್ಲ. ಇವರು ಗಾಡಿಯ ಮೈಯನ್ನೆಲ್ಲ ಬಿಚ್ಚಿ ತೆಗೆದು, ಉಳಿದ ಕಬ್ಬಿಣದ ಎಲುಬುಗೂಡನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಚಾಸಿ ಅಂತಾರೆ ಅದಕ್ಕೆ. ಇವರು ಅದರ ಕೆಳಗೆ ಅಂಗಾತ ಮಲಗಿ ಹೊಕ್ಕರೆ ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಕಿಟಕಿಯಿಂದ ಆ ಪಾದಗಳನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಏನಾದರೂ ನೆವ ಮಾಡಿ ಹೊರಗೆ ಹೋಗಿ, "ನೀರ ಬೇಕೇನ್ರಿ?" ಎಂದು ಕೇಳುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ ನೀರು ಬೇಕೇ ಎಂದರೆ ಯಾವ ಗಂಡಸಿಗೆ ಸಿಟ್ಟು ಬರುವುದಿಲ್ಲ? ಇವರಿಗೂ ಬರುತ್ತಿತ್ತು. ಬಂದರೆ ಬರಲಿ, ಬದುಕಿದ್ದಾರಲ್ಲ ಎಂದು ಒಳಗೆ ಹೋಗುತ್ತಿದ್ದೆ.

ಒಂದು ದಿನ ಇವರು ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತಾ ಬಂದರು. ಮುಂದೆಲ್ಲ ಗಂಟೆಯ ಹಾಗೆ ಠಣ್ ಎನ್ನುತ್ತಿದ್ದ ಕಬ್ಬಿಣ ಹಿಂಭಾಗಕ್ಕೆ ಬರುವಾಗ ಧಬ್ ಎಂದಿತು. ಇನ್ನೊಮ್ಮೆ ಬಡಿದಾಗ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಕಣಿಕೆಯ ಹಸಿಗೆ ಅಷ್ಟೂ ಜಂಗು ಹಿಡಿದು ತಿಂದುಹೋಗಿತ್ತು. ಇನ್ನಾದರೂ ಬಿಡುತ್ತಾರೆ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕಾಯಿ ಒಡೆದೆ. ಇವರು ಗರಗಸ ತಂದು ಕೊಳೆತ ಭಾಗವನ್ನು ಕತ್ತರಿಸಿ ಎಸೆದು, ಹೊಸದು ಮಾಡಿ ಕೂಡಿಸುತ್ತೇನೆ ಎಂದರು.

ಇಲ್ಲಿ ನನ್ನ ಪಾತ್ರವೂ ಇದೆ, ಸುಳ್ಳು ಹೇಳಲಾರೆ. ನನಗೆ ಕುಪ್ಪಸ ಹೊಲಿಯಲು ಬರುತ್ತಿತ್ತು. ಇವರು ಅಳತೆ ತೆಗೆದು ತಗಡು ಕತ್ತರಿಸಿದರೆ ಪ್ರತಿ ಸಲವೂ ಎಲ್ಲೋ ಒಂದು ಕಡೆ ಗಿಡ್ಡವಾಗುತ್ತಿತ್ತು. ಮಡಿಸುವ ಜಾಗಕ್ಕೆ ಅಂಚು ಬಿಡಬೇಕೆಂಬುದೇ ಇವರಿಗೆ ಹೊಳೆದಿರಲಿಲ್ಲ. ಎರಡು ತಗಡು ಹಾಳಾದ ಮೇಲೆ ನನಗೆ ತಡೆಯಲಾಗಲಿಲ್ಲ. ಪುಸ್ತಕಕ್ಕೆ ಹಾಕುವ ರಟ್ಟು ತರಿಸಿಕೊಂಡು, ಚಾಸಿಯ ಮುರುಕು ತುದಿಗೆ ಹಿಡಿದು, ಕುಪ್ಪಸದ ತೋಳು ಕತ್ತರಿಸುವ ಹಾಗೆ ಅಂಚು ಬಿಟ್ಟು ಕತ್ತರಿಸಿ ಕೊಟ್ಟೆ. ಆ ರಟ್ಟಿನ ಅಳತೆಗೆ ಗಿರಣಿಯ ಹಳೆಯ ಯಂತ್ರದ ದಪ್ಪ ತಗಡನ್ನು ಕತ್ತರಿಸಿ, ಕೆಂಪಗೆ ಕಾಸಿ, ರೈಲು ಹಳಿಯ ತುಂಡಿನ ಮೇಲಿಟ್ಟು ಬಡಿದು ಮಡಿಸಿದರು. ತಂದು ಹಚ್ಚಿ ನೋಡಿದರೆ ಸರಿಯಾಗಿ ಕೂತಿತು. ಇವರು ನನ್ನನ್ನು ನೋಡಿದ ರೀತಿಗೆ ನಾನು ಎರಡು ದಿನ ಹೆದರಿಕೆಯನ್ನೇ ಮರೆತಿದ್ದೆ.

ಮಾಡಿದ್ದಾಯಿತು, ಇನ್ನು ಬೆಸೆಯಬೇಕಲ್ಲ. ಅದು ಇವರ ಕೈಲಾಗುವ ಕೆಲಸವಲ್ಲ. ಹುಬ್ಬಳ್ಳಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಮದ್ರಾಸ್ ಕಡೆಯ ಮನುಷ್ಯ, ಐವತ್ತರ ವಯಸ್ಸು, ಕೈತುಂಬ ಸುಟ್ಟ ಕಲೆಗಳು. ಕೆಲಸ ಮಾಡುತ್ತಾ ಕನ್ನಡ ಕಲಿತವನು. ಸುತ್ತಿಗೆ, ಕಾನಸು, ಹಿಡಿ, ಬಿಡು ಎಲ್ಲ ಗೊತ್ತು, ಬಹುವಚನವೊಂದು ಗೊತ್ತಿಲ್ಲ. ನನ್ನ ಅತ್ತೆಗೂ "ನೀನು" ಎನ್ನುತ್ತಿದ್ದ, ಅಷ್ಟು ಮರ್ಯಾದೆಯಿಂದ ಎನ್ನುತ್ತಿದ್ದ ಎಂದರೆ ಅತ್ತೆಗೂ ಸಿಟ್ಟು ಬರುತ್ತಿರಲಿಲ್ಲ. ಅವನ ಜೊತೆ ಒಂದು ಎತ್ತರದ ಕಬ್ಬಿಣದ ಸಿಲಿಂಡರ್ ಬಂತು, ಒಂದು ಡ್ರಮ್ಮು ಬಂತು. ಸೈಕಲ್ ದೀಪಕ್ಕೆ ಹಾಕುವ ಕಾರ್ಬೈಡ್ ಕಲ್ಲನ್ನು ಡ್ರಮ್ಮಿನ ನೀರಿಗೆ ಹಾಕಿದರೆ ಗ್ಯಾಸ್ ಏಳುತ್ತಿತ್ತು, ಅಂಗಳಕ್ಕೆಲ್ಲ ಕೊಳೆತ ಬಳ್ಳೊಳ್ಳಿಯ ವಾಸನೆ.

ಅವನು ಮೊದಲು ಮಾಡಿದ ಕೆಲಸ ಪೆಟ್ರೋಲ್ ಟಾಕಿಯನ್ನು ಊರ ಹೊರಗಿನ ಹೊಲಕ್ಕೆ ಕಳಿಸಿದ್ದು. "ಅದು ಖಾಲಿನಽ ಐತಲ್ಲ ಮೇಸ್ತ್ರಿ," ಎಂದರು ಇವರು. "ತುಂಬಿದ್ರೆ ಉರೀತದೆ, ಖಾಲಿ ಇದ್ರೆ ಸಿಡೀತದೆ," ಎಂದ ಅವನು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಅಮ್ಮಾ, ಕೇಳು. ಈ ಕಪ್ಪು ಚಸ್ಮಾ ಹಾಕಿದ್ರೆ ನನಗೆ ಈ ಒಂದು ಬೆಂಕಿ ಕಾಣ್ತದೆ, ಬೇರೆ ಏನೂ ಕಾಣೋದಿಲ್ಲ. ನಿನ್ನ ಗಂಡನಿಗೂ ಹಾಗೇ. ನಮಗೆ ಕಣ್ಣು ನೀನು. ಎಲ್ಲಾದ್ರೂ ಹೊಗೆ ಬಂದ್ರೆ, ಕಿಡಿ ಹತ್ತಿದ್ರೆ, ಆರಿಸು ಅಂತ ಕೂಗು. ಸದ್ದಿನಲ್ಲಿ ಉದ್ದ ಮಾತು ಕೇಳೋದಿಲ್ಲ. ಒಂದೇ ಮಾತು. ಆರಿಸು."

ನಾನು ತಲೆಯಾಡಿಸಿದೆ. ಆದರೆ ಆಗಲೇ ನನಗೆ ಗೊತ್ತಿತ್ತು, ಆ ಮಾತನ್ನು ನಾನು ಆ ಮನೆಯಲ್ಲಿ ಅನ್ನಲಾರೆ ಎಂದು.

ನಮ್ಮ ಕಡೆ ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಕುಂಕುಮ ತೀರಿದರೆ ಹೆಚ್ಚಿದೆ ಎನ್ನುತ್ತೇವೆ, ಬಳೆ ಒಡೆದರೂ ಹೆಚ್ಚಿತು ಎನ್ನುತ್ತೇವೆ, ಮನೆಯಿಂದ ಹೊರಟವರು ಬರುತ್ತೇನೆ ಎಂದೇ ಹೇಳುತ್ತಾರೆ. ಕೆಟ್ಟದ್ದರ ಹೆಸರು ಹಿಡಿದು ಕರೆಯದಿದ್ದರೆ ಅದು ನಮ್ಮ ಬಾಗಿಲಿಗೆ ಬರಲಿಕ್ಕಿಲ್ಲ ಎಂಬ ಆಸೆ ಇರಬೇಕು. ಬೇರೆ ಮನೆಗಳಲ್ಲಿ ಇದು ಬರಿಯ ರೂಢಿ. ನಮ್ಮ ಮನೆಯಲ್ಲಿ ಕಾಯಿದೆ. ಯಾಕೆಂದರೆ ನನ್ನ ಅತ್ತೆ ಒಂದು ಸಂಜೆ ದೀಪದ ಹೊಗೆ ಕಣ್ಣಿಗೆ ಹೊಕ್ಕು, ಬೇಸರದಲ್ಲಿ ಬಾಯಿ ತಪ್ಪಿ "ಆರಸರೀ ಅದನ್ನ" ಎಂದಿದ್ದರಂತೆ. ಮರುದಿನ ಬೆಳಿಗ್ಗೆ, ಮುಂಡರಗಿಗೆ ಅರಳೆ ಖರೀದಿಗೆ ಹೋಗಿದ್ದ ಮಾವ ಎದೆ ಹಿಡಿದುಕೊಂಡು ಅಲ್ಲೇ ಹೋದರೆಂದು ಸುದ್ದಿ ಬಂತು. ಆಗ ನನ್ನ ಗಂಡನಿಗೆ ಆರು ವರ್ಷ. ನಾನು ಮದುವೆಯಾಗಿ ಬಂದ ಮೊದಲ ಸಂಜೆಯೇ ಅತ್ತೆ ನನ್ನ ಕೈ ಹಿಡಿದು, "ಯವ್ವಾ, ನಿನಗ ಮತ್ತೇನೂ ಹೇಳೂದಿಲ್ಲ ನಾ. ಈ ಮನ್ಯಾಗ ಆ ಶಬ್ದ ಮಾತ್ರ ಬಾಯಾಗ ತರಬ್ಯಾಡ," ಎಂದಿದ್ದರು. ಆ ಹೆದರಿಕೆ ಅವರ ಕೈಯಿಂದ ನನ್ನ ಕೈಗೆ ಬಂದದ್ದು ಹೋಗಲೇ ಇಲ್ಲ.

ಈಗ ಗಂಡ ಬೆಂಕಿಯ ಕೆಳಗೆ ಮಲಗಿರುವಾಗ, ಅತ್ತೆ ಪಡಸಾಲೆಯಲ್ಲಿ ಕೂತು ಕೇಳುತ್ತಿರುವಾಗ, ನಾನು ಅದನ್ನು ಕೂಗಬೇಕಂತೆ! ಮೇಸ್ತ್ರಿಗೆ ಬಿಡಿಸಿ ಹೇಳಬಹುದಿತ್ತು. ಸೊಸೆ ಹೊರಗಿನ ಗಂಡಸಿನ ಮುಂದೆ ನಿಂತು ತನ್ನ ಅತ್ತೆಯ ಕಥೆ ಹೇಳುವುದು ಎಲ್ಲಾದರೂ ಉಂಟೇ? ಇವರಿಗೆ ಹೇಳಿದರೆ ನಗುತ್ತಿದ್ದರು. ಹೊತ್ತು ಬಂದರೆ ದೊಡ್ಡದು ಮಾಡ್ರಿ ಎಂದೇ ಕೂಗಿದರಾಯಿತು, ಯಾರಿಗೆ ತಿಳಿಯುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿದೆ. ಅದು ತಿಳಿಯದವರೂ ಲೋಕದಲ್ಲಿ ಇರುತ್ತಾರೆಂದು ಲಕ್ಷ್ಮೇಶ್ವರ, ಬೆಟಗೇರಿ ಬಿಟ್ಟು ಬೇರೆ ನೋಡದ ನನಗೆ ಹೇಗೆ ಗೊತ್ತಾಗಬೇಕು.

ಎರಡು ದಿನ ಏನೂ ಆಗಲಿಲ್ಲ. ಆ ಎರಡು ದಿನ ನಾನು ಮರಳಿನ ಬುಟ್ಟಿಯ ಪಕ್ಕ ನಿಂತು, ರೆಪ್ಪೆ ಬಡಿಯಲೂ ಹೆದರಿ, ಬೆಂಕಿಯನ್ನು ನೇರ ನೋಡಬಾರದೆಂದು ಹೇಳಿದ್ದರಿಂದ ಅದರ ಸುತ್ತಮುತ್ತ ಕಣ್ಣಾಡಿಸುತ್ತಾ ಕಾಲ ಕಳೆದೆ. ಕಿಡಿಗಳು ನೆಲಕ್ಕೆ ಬಿದ್ದು ಪುಟಿದು ಆರುತ್ತಿದ್ದವು. ಪ್ರತಿ ಕಿಡಿಗೂ ನನ್ನ ಕೈ ಮರಳಿನ ಬುಟ್ಟಿಗೆ ಹೋಗುತ್ತಿತ್ತು. ಊಟ ಸೇರಲಿಲ್ಲ. ಮೇಲಿನ ಜೋಡಣೆಗಳೆಲ್ಲ ಮುಗಿದು, ನಾನು ರಟ್ಟು ಕತ್ತರಿಸಿಕೊಟ್ಟ ಆ ತುಂಡು ಚಾಸಿಗೆ ಹುಟ್ಟಿನಿಂದಲೇ ಇದ್ದ ಹಾಗೆ ಕೂತಿತು.

ಮೂರನೆಯ ದಿನ ಅಡಿಭಾಗದ ಜೋಡಣೆ. ಕೆಳಗೆ ಹಚ್ಚುವ ಒಂದು ಅಂಗೈ ಅಗಲದ ತಗಡನ್ನು ಇಕ್ಕಳದಿಂದ ಮೇಲಕ್ಕೆ ಒತ್ತಿ ಹಿಡಿಯಲು ಯಾರಾದರೂ ಕೆಳಗೆ ಮಲಗಬೇಕಿತ್ತು. ಇವರೇ ಮಲಗಿದರು. ನೆಲದ ಕಲ್ಲು ಬೆನ್ನಿಗೆ ಚುಚ್ಚಬಾರದೆಂದು ನಾನು ಒಂದು ಗೋಣಿಚೀಲ ಹಾಸಿದೆ. ಒದ್ದೆ ಚೀಲ ಹಾಸು ಎಂದು ಮೇಸ್ತ್ರಿ ಹೇಳಿದ್ದ, ನಾನು ಹಾಸಿದ ಚೀಲವೂ ಕೈಗೆ ಒದ್ದೆಯಾಗಿಯೇ ಹತ್ತಿತು. ಹಿಂದಿನ ದಿನ ಇವರು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದೇ ಚೀಲದ ಮೇಲೆ ಒಣಗಹಾಕಿದ್ದರೆಂಬುದು ನನ್ನ ತಲೆಗೆ ಬರಲಿಲ್ಲ. ಅಂಗಳವೆಲ್ಲ ಕಾರ್ಬೈಡಿನ ನಾತ, ಮೂಗಿಗೆ ಬೇರೆ ವಾಸನೆ ಹತ್ತುತ್ತಲೇ ಇರಲಿಲ್ಲ. ಇಷ್ಟೆಲ್ಲ ಹೇಳುವುದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು. ಚೀಲ ಹಾಸಿದವಳು ನಾನೇ.

ಬೆಂಕಿ ಶುರುವಾಯಿತು. ತಗಡು ಕೆಂಪಾಯಿತು, ಬಿಳಿಯಾಯಿತು. ಕರಗಿದ ಹನಿಯೊಂದು ಜಾರಿ ಇವರ ತೋಳಿನ ಪಕ್ಕಕ್ಕೆ ಬಿದ್ದದ್ದನ್ನು ನಾನು ಕಂಡೆ. ಬಿಸಿಲಿನಲ್ಲಿ ಉರಿ ಕಾಣಲಿಲ್ಲ. ಚೀಲದ ಅಂಚು ಕಪ್ಪಗೆ ಮುದುಡಿಕೊಳ್ಳುತ್ತಾ ಬಂದದ್ದು ಕಂಡಿತು, ಆಮೇಲೆ ಹೊಗೆ, ಆಮೇಲೆ ಇವರ ಅಂಗಿಯ ತೋಳು. ಇವರು ಕಾಲು ಝಾಡಿಸಿದರು. ಆದರೆ ಇಕ್ಕಳ ಬಿಡುವ ಹಾಗಿಲ್ಲ; ಬಿಟ್ಟರೆ ಕಾದ ತಗಡು ನೇರ ಮುಖದ ಮೇಲೆ ಬೀಳುತ್ತದೆ. ನಾನಿದ್ದ ಕಡೆಯಿಂದ ಮರಳು ಎರಚಲು ದಿಮ್ಮಿ ಅಡ್ಡ. ಮೇಲಿನ ಬೆಂಕಿ ಮೊದಲು ನಿಲ್ಲಬೇಕು.

ನಾನು ಬಾಯಿ ತೆರೆದೆ. ಆ ಶಬ್ದ ನಾಲಗೆಯ ತುದಿಗೆ ಬಂತು. ಖರೆ ಹೇಳುತ್ತೇನೆ, ಬಂತು. ಪಡಸಾಲೆಯಲ್ಲಿ ಮೊರ ಹಿಡಿದು ಕೂತ ಅತ್ತೆ ಕಣ್ಣ ಅಂಚಿನಲ್ಲಿ ಕಂಡರು, ಅದು ಗಂಟಲಿಗೆ ವಾಪಸು ಹೋಯಿತು.

"ದೊಡ್ಡದ ಮಾಡ್ರೀ!" ಎಂದು ಕಿರುಚಿದೆ. "ಮೇಸ್ತ್ರಿ, ದೊಡ್ಡದ ಮಾಡ್ರೀ! ದೊಡ್ಡದ ಮಾಡ್ರೀ!"

ಅವನು ಕೇಳಿಸಿಕೊಂಡ. ಒಳ್ಳೆಯ ಕೆಲಸಗಾರ, ಹೇಳಿದ ಮಾತು ಒಂದೇ ಸಲಕ್ಕೆ ಕೇಳುವವನು. ಬೆರಳಿನಿಂದ ಬೆಂಕಿಯ ನಳಿಗೆಯ ಕೀಲಿ ತಿರುಗಿಸಿದ. ಬೆಂಕಿ ಮೊಳದುದ್ದವಾಗಿ ಭರ್ರೆಂದು ಹೊರಬಿತ್ತು. ಹನಿಗಳು ಒಂದರ ಹಿಂದೊಂದು ಬೀಳತೊಡಗಿದವು. ಬೆಂಕಿ ಎನ್ನಬಹುದಿತ್ತು, ಸಾಕು ಎನ್ನಬಹುದಿತ್ತು, ಹೋಗಿ ಅವನ ಬೆನ್ನಿಗೆ ಗುದ್ದಬಹುದಿತ್ತು. ಈಗ ಕೂತರೆ ನೂರು ಉಪಾಯ ಹೊಳೆಯುತ್ತವೆ. ಆಗ ನನಗೆ ಹೊಳೆದದ್ದು ಅದೇ ಮಾತನ್ನು ಇನ್ನೂ ಜೋರಾಗಿ ಕೂಗುವುದು. ನಾನು ಕೂಗಿದಷ್ಟೂ ಅವನು ದೊಡ್ಡದು ಮಾಡಿದ. ಅಂಥ ಹೆದರಿಕೆಯನ್ನು ಅದಕ್ಕೆ ಮೊದಲೂ ನಾನು ಕಂಡಿಲ್ಲ, ಆಮೇಲೂ ಕಂಡಿಲ್ಲ. ನನ್ನ ಬಾಯಿಂದಲೇ ನನ್ನ ಗಂಡನನ್ನು ಸುಡುತ್ತಿದ್ದೆ, ಯಾಕೆಂದು ತಿಳಿಯುತ್ತಿರಲಿಲ್ಲ.

ಮೊರ ಬಿದ್ದ ಸದ್ದಾಯಿತು. ಜೋಳ ಪಡಸಾಲೆಯ ತುಂಬ ಚೆಲ್ಲಿತು.

"ಆರಸೋ!" ಅತ್ತೆಯ ದನಿ ಅದು. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. "ಆರಸೋ ಯಪ್ಪಾ! ಆರಸೋ! ಆರಸೋ!"

ಮೇಸ್ತ್ರಿ ಕೀಲಿ ಮುಚ್ಚಿ, ಚಸ್ಮಾ ಕಿತ್ತೆಸೆದು, ಕಂಡದ್ದೇ ತಡ ಒದ್ದೆ ಚೀಲ ಸುತ್ತಿದ ಕೈಯಿಂದ ತಗಡನ್ನು ಅತ್ತ ತಳ್ಳಿ, ಇವರ ಎರಡೂ ಕಾಲು ಹಿಡಿದು ಹೊರಗೆ ಎಳೆದ. ನಾನು ಬುಟ್ಟಿಯ ಮರಳನ್ನೆಲ್ಲ ಇವರ ಮೇಲೆ ಸುರಿದೆ, ಮುಖದ ಮೇಲೂ ಸುರಿದೆ. ಮರಳಿನೊಳಗಿಂದ ಕೆಮ್ಮು ಕೇಳಿತು. ಆ ಕೆಮ್ಮು ಕೇಳಿದ ಮೇಲೆ ಇವರ ಮುಖದ ಮರಳನ್ನು ಸೆರಗಿನಿಂದ ಒರೆಸತೊಡಗಿದೆ.

ಬಲಗೈ ಮೊಣಕೈಯಿಂದ ಹೆಗಲವರೆಗೆ ಸುಟ್ಟಿತ್ತು. ದವಾಖಾನೆಯಲ್ಲಿ ಹಳದಿ ಮುಲಾಮು ಹಚ್ಚಿ ಬಟ್ಟೆ ಸುತ್ತಿ, ಕೀವು ಆಗದಿದ್ದರೆ ಕೈ ಉಳಿಯುತ್ತದೆ, ಜ್ವರ ಏರದಂತೆ ನೋಡಿಕೊಳ್ಳಿ ಎಂದರು. ಮೇಸ್ತ್ರಿ ನಮ್ಮ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ.

"ಅಮ್ಮಾ, ನೀನು ದೊಡ್ಡದು ಮಾಡು ಅಂದೆ."

"ಹೌದ್ರಿ," ಎಂದೆ. ಆಗ ಅವನಿಗೆ ಎಲ್ಲ ಹೇಳಿದೆ, ಯಾವ ಮರ್ಯಾದೆ ಯಾರಿಗೆ ಬೇಕಿತ್ತು.

"ಮೂವತ್ತು ವರ್ಷ ಆಯ್ತು ಇಲ್ಲಿ," ಎಂದ. "ಈ ಕನ್ನಡ ನನಗೆ ಯಾರೂ ಹೇಳಿಲ್ಲ ಅಮ್ಮಾ."

ಮೂರು ದಿನ ಇವರಿಗೆ ಜ್ವರ. ಅತ್ತೆ ಮಗನ ಪಕ್ಕ ಬಿಟ್ಟು ಏಳಲಿಲ್ಲ. ಮಾತಾಡಲಿಲ್ಲ, ಅಳಲಿಲ್ಲ. ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನು ನಡೆದಿದೆ ಎಂಬುದು ನನಗೆ ಬಿಡಿಸಿಟ್ಟ ಹಾಗೆ ಗೊತ್ತಿತ್ತು. ಒಂದು ಸಲ ಅಂದದ್ದಕ್ಕೆ ಗಂಡ ಹೋಗಿದ್ದ. ಈಗ ಊರಿಗೆ ಕೇಳುವ ಹಾಗೆ ಮೂರು ನಾಲ್ಕು ಸಲ ಅಂದಿದ್ದರು. ಬಾಗಿಲ ಸಪ್ಪಳವಾದರೆ ಬೆಚ್ಚಿ ನೋಡುತ್ತಿದ್ದರು. ನನಗೂ ಅದೇ ಹೆದರಿಕೆ, ಅದರ ಮೇಲೆ ನಾಚಿಕೆ ಬೇರೆ. ಬೆಂಕಿಗಿಂತ ಒಂದು ಮಾತಿಗೆ ಹೆಚ್ಚು ಹೆದರಿದವಳು ನಾನು. ಅವರೆದುರು ತಲೆ ಎತ್ತಲಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಇವರು ಎಡಗೈಯಿಂದ ಅಂಬಲಿ ಕುಡಿದು, ಕೇಳಿದ ಮೊದಲ ಮಾತು, "ಅಡಿ ತಗಡ ಕೂತೈತೋ ಇಲ್ಲೋ?" ಎಂದು. ನನಗೆ ಆ ಅಂಬಲಿಯ ಬಟ್ಟಲನ್ನೇ ತಲೆಗೆ ಕುಕ್ಕಬೇಕೆನ್ನಿಸಿತು. ಮಧ್ಯಾಹ್ನ ಇವರು ಪಡಸಾಲೆಯಲ್ಲಿ ನಿದ್ದೆ ಹೋದ ಮೇಲೆ ಅತ್ತೆ ಎದ್ದು ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿದರು.

"ತಪ್ಪಾತ್ರಿ ಅತ್ತಿಯವರ," ಎಂದೆ.

"ನಿಂದೇನ ತಪ್ಪು? ನಿನ್ನ ಬಾಯಿಗೆ ಬೀಗಾ ಹಾಕಿದಾಕಿ ನಾನು." ನಾಲ್ಕು ದಿನದ ಮೇಲೆ ಅವರು ಆಡಿದ ಮೊದಲ ಮಾತು. ದನಿ ಒಡೆದುಹೋಗಿತ್ತು. "ಕೇಳಿದೆಲ್ಲ, ಅಂವಾ ಬಿಡೂ ಪೈಕಿ ಅಲ್ಲ. ಕೈ ಮಾಯ್ತು ಅಂದ್ರ ಮತ್ತ ಅದರ ಬುಡಕ ಹೊಕ್ಕಾನು. ಅಲ್ಲಿ ನಿಂದರಾಕಿ ನೀನು, ನಾ ಅಲ್ಲ. ನಾ ಎಷ್ಟ ದಿನಾ ಇರತೀನಿ? ಅನ್ನು ಆ ಮಾತು."

"ಏನ್ರಿ?"

"ಗೊತ್ತಿಲ್ಲದವರಂಗ ಕೇಳಬ್ಯಾಡ. ನನ್ನ ಮುಂದ ಅನ್ನು."

ದೇವರ ಮಾಡದಲ್ಲಿ ದೀಪವಿತ್ತು. ನಾನು ಅದನ್ನು ನೋಡಿದೆ, ಅವರನ್ನು ನೋಡಿದೆ. ಮೊದಲ ಸಲ ತುಟಿ ಮಾತ್ರ ಅಲುಗಾಡಿತು. "ಇನ್ನೊಮ್ಮೆ," ಎಂದರು. ಎರಡನೆಯ ಸಲ ಪಿಸುಮಾತಾಗಿ ಹೊರಟು ಅರ್ಧಕ್ಕೆ ನಿಂತಿತು. ಅವರು ನನ್ನ ಎರಡೂ ಭುಜ ಹಿಡಿದರು.

"ಅಲ್ಲೆ ಸುಡಾಕತ್ತಾನ ನಿನ್ನ ಗಂಡ. ಅನ್ನು!"

"ಆರಸ್ರೀ!" ಎಂದು ಕಿರುಚಿದೆ.

ಪಡಸಾಲೆಯಲ್ಲಿ ಏನೋ ಉರುಳಿದ ಸದ್ದಾಯಿತು. ಧಡಧಡ ಹೆಜ್ಜೆ ಕೇಳಿತು. ಬಾಗಿಲು ತಳ್ಳಿಕೊಂಡು ಇವರು ಬಂದು ನಿಂತರು. ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಹಿಡಿದಿದ್ದರು, ಕೂದಲು ಕೆದರಿತ್ತು, ಮುಖದ ತುಂಬ ಗಾಬರಿ.

"ಎಲ್ಲೆ? ಏನ ಹತ್ತೇತಿ?"

ಅತ್ತೆ ನನ್ನ ಭುಜ ಬಿಟ್ಟು ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆ ಮಾತು ಆಡಿಯಾಗಿತ್ತು, ಮಗ ತನ್ನ ಎರಡು ಕಾಲ ಮೇಲೆ ಬಾಗಿಲಲ್ಲಿ ನಿಂತಿದ್ದ.

"ಎಲ್ಲೂ ಏನೂ ಹತ್ತಿಲ್ಲ ತಮ್ಮಾ," ಎಂದರು. "ಈಕಿಗೆ ಕಲಿಸಾಕತ್ತೀನಿ."